ಹಳೆಯ ಲ್ಯಾಪ್‌ಟಾಪಿನಲ್ಲಿ ಎಚ್‌ಡಿ ವಿಡಿಯೊ ಸಂಕಲನ

ಎರಡೂವರೆ ಗಂಟೆಯ ಯಕ್ಷಗಾನ ಪ್ರಸಂಗವೊಂದನ್ನು ಒಂದು ಕ್ಯಾಮರಾ ಮತ್ತು ಎರಡು ಮೊಬೈಲುಗಳಲ್ಲಿ ಚಿತ್ರೀಕರಿಸಿಕೊಂಡು ಬಂದು, 2014ರಲ್ಲಿ ಕೊಂಡ, ಎರಡು ಕೋರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪಿಗೆ ಸುರಿದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಟೈಮ್‌ಲೈನಿನಲ್ಲಿ, ಅಂದರೆ ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಪ್ಲೇ ಒತ್ತಿದರೆ ಭಾಗವತರ ಪದ್ಯ ಮುಂದಕ್ಕೆ ಹೋಗುತ್ತದೆ, ವೇಷಧಾರಿ ಮಾತ್ರ ಎತ್ತಿದ ಕಾಲನ್ನು ಇಳಿಸದೆ ನಿಂತಿರುತ್ತಾನೆ. ಎರಡು ಸೆಕೆಂಡಿನ ಬಳಿಕ ಚಿತ್ರ ಒಮ್ಮೆಲೇ ಹಾರಿ ಎಲ್ಲಿಗೋ ತಲುಪುತ್ತದೆ. ಹೀಗಿರುವಾಗ ಚಂಡೆಯ ಪೆಟ್ಟಿಗೆ ಸರಿಯಾಗಿ ದೃಶ್ಯ ಬದಲಿಸುವ ಮಾತೇ ಬರುವುದಿಲ್ಲ.

ಹೊಸ ಯಂತ್ರ ಕೊಳ್ಳಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ದುಡ್ಡಿದ್ದವರು ಕೊಳ್ಳಲಿ. ಆದರೆ ದೃಶ್ಯವನ್ನು ಎಲ್ಲಿ ಕತ್ತರಿಸಬೇಕು, ಯಾವ ಕ್ಯಾಮರಾದಿಂದ ಯಾವುದಕ್ಕೆ ಹೋಗಬೇಕು ಎಂದು ತೀರ್ಮಾನಿಸುವ ಹೊತ್ತಿನಲ್ಲಿ ನಮಗೆ ಬೇಕಿರುವುದು ತಡೆಯಿಲ್ಲದ ಚಲನೆ ಮತ್ತು ಸ್ಪಷ್ಟ ಧ್ವನಿ. ಕಿರೀಟದ ಒಂದೊಂದು ಮಣಿಯೂ ಆಗಲೇ ಕಾಣಬೇಕಾಗಿಲ್ಲ. ಆದ್ದರಿಂದ ತೀರ್ಮಾನದ ಕೆಲಸವನ್ನೆಲ್ಲ ಚಿಕ್ಕ ನಕಲಿನ ಮೇಲೆ ಮಾಡಿ, ಮೂಲ ಚಿತ್ರವನ್ನು ಕೊನೆಯ ಎಕ್ಸ್‌ಪೋರ್ಟಿಗೆ (ಸಿದ್ಧ ವಿಡಿಯೊ ಫೈಲನ್ನು ಹೊರತೆಗೆಯುವ ಕೆಲಸಕ್ಕೆ) ಮಾತ್ರ ಕರೆಯುವುದು ಈ ಬರಹದಲ್ಲಿ ಹೇಳುವ ವಿಧಾನ. ಇದನ್ನು ಪ್ರಾಕ್ಸಿ ಸಂಕಲನ ಎನ್ನುತ್ತಾರೆ. ಶಾಟ್‌ಕಟ್ ಮತ್ತು ಕೆಡೆನ್‌ಲೈವ್ ಎಂಬ ಎರಡು ಉಚಿತ ತಂತ್ರಾಂಶಗಳನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಡಾವಿಂಚಿ ರಿಸಾಲ್ವ್ ಅತ್ಯುತ್ತಮ ತಂತ್ರಾಂಶವೇ ಹೌದು, ಆದರೆ ಅದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಹಳ ಭಾರ ಹಾಕುವುದರಿಂದ 4 ಜಿಬಿ ಯಂತ್ರದಲ್ಲಿ ಅದನ್ನು ಹಾಕಿಕೊಂಡು ಹೆಣಗಾಡುವುದು ಬೇಡ ಎಂದೇ ನನ್ನ ಅಭಿಪ್ರಾಯ.

ತೊಡಕು ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ

ಯಂತ್ರ ನಿಧಾನವಾಗಿದೆ ಎಂದರೆ ಸಾಲದು, ಅದರ ಯಾವ ಭಾಗ ನಿಧಾನವಾಗಿದೆ ಎಂಬುದು ತಿಳಿಯಬೇಕು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಸಂಕಲನದ ತಂತ್ರಾಂಶದಲ್ಲಿ ಮೂಲ ವಿಡಿಯೊವನ್ನು ಒಂದು ನಿಮಿಷ ಓಡಿಸಿ. ಪ್ರೊಸೆಸರಿನ ಅಂಕಿ ನೂರರ ಹತ್ತಿರ ನಿಂತಿದ್ದು, ಡಿಸ್ಕ್ ಹೆಚ್ಚುಕಡಿಮೆ ಸುಮ್ಮನಿದ್ದರೆ, ಸಂಕುಚಿತ ವಿಡಿಯೊವನ್ನು ಬಿಡಿಸುವ ಕೆಲಸವೇ ಯಂತ್ರಕ್ಕೆ ಭಾರವಾಗಿದೆ ಎಂದರ್ಥ. ಅದಕ್ಕೆ ಪ್ರಾಕ್ಸಿ ಮದ್ದು. ಮೆಮೊರಿ ಪೂರ್ತಿ ತುಂಬಿ, ಅದರ ಜೊತೆಗೆ ಡಿಸ್ಕ್ ಕೂಡ ನೂರಕ್ಕೆ ಏರಿದ್ದರೆ, ರ‍್ಯಾಮ್ ಸಾಲದೆ ವಿಂಡೋಸ್ ತನ್ನ ಸಾಮಾನನ್ನು ಡಿಸ್ಕಿಗೆ ಸಾಗಿಸುತ್ತ ಮರಳಿ ತರುತ್ತ ಒದ್ದಾಡುತ್ತಿದೆ. ಅಂಥ ಯಂತ್ರದಲ್ಲಿ ಪ್ರಾಕ್ಸಿ ಮಾಡಿದರೂ ಪೂರ್ತಿ ಗುಣ ಕಾಣದು. ಬ್ರೌಸರನ್ನು ಮುಚ್ಚಬೇಕು, ಆ್ಯಂಟಿವೈರಸ್ ಆ ಹೊತ್ತಿನಲ್ಲಿ ಡಿಸ್ಕನ್ನು ಜಾಲಾಡದಂತೆ ನೋಡಿಕೊಳ್ಳಬೇಕು, ಸಾಧ್ಯವಾದರೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಬೇಕು.

ಹಾರ್ಡ್ ಡಿಸ್ಕಿನ ಮೇಲೆ ಅನೇಕರು ವೃಥಾ ಆರೋಪ ಹೊರಿಸುತ್ತಾರೆ. ಸೆಕೆಂಡಿಗೆ 17 ಮೆಗಾಬಿಟ್ ದರದ ಮೂರು ಎಚ್‌ಡಿ ವಿಡಿಯೊಗಳನ್ನು ಒಟ್ಟಿಗೆ ಓದಲು ಸೆಕೆಂಡಿಗೆ ಆರೂವರೆ ಮೆಗಾಬೈಟಿಗಿಂತ ಕಡಿಮೆ ವೇಗ ಸಾಕು. ಹಳೆಯ ಲ್ಯಾಪ್‌ಟಾಪ್ ಡಿಸ್ಕಿಗೂ ಅದು ದೊಡ್ಡ ಮಾತಲ್ಲ. ಆದರೆ ಅದೇ ಮೂರು ವಿಡಿಯೊಗಳನ್ನು ಬಿಡಿಸಿದಾಗ, ಪಿಕ್ಸೆಲಿಗೆ ಮೂರು ಬೈಟಿನಂತೆ ಲೆಕ್ಕ ಹಾಕಿದರೆ, ಸೆಕೆಂಡಿಗೆ 25 ಫ್ರೇಮಿನ (ಬಿಡಿ ಚಿತ್ರಗಳ) ಒಂದೊಂದು ವಿಡಿಯೊಗೂ ಸುಮಾರು 155 ಮೆಗಾಬೈಟಿನಷ್ಟು ಚಿತ್ರ ಸಿದ್ಧವಾಗಬೇಕಾಗುತ್ತದೆ. ಉಸಿರು ಕಟ್ಟುವುದು ಅಲ್ಲಿ. ಎಸ್‌ಎಸ್‌ಡಿ ಹಾಕಿಸಿದರೆ ತಂತ್ರಾಂಶ ಬೇಗ ತೆರೆದುಕೊಳ್ಳುತ್ತದೆ, ಹುಡುಕಾಟ ಚುರುಕಾಗುತ್ತದೆ, ಒಟ್ಟಾರೆ ಯಂತ್ರಕ್ಕೆ ಜೀವ ಬರುತ್ತದೆ. ಆದರೆ ತಡವರಿಸುವ ಟೈಮ್‌ಲೈನ್ ಅದೊಂದರಿಂದಲೇ ಸರಿಹೋದದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಫ್ಯಾನಿನಲ್ಲಿ ವರ್ಷಗಟ್ಟಲೆಯ ಧೂಳು ಕೂತಿದ್ದರೆ ಅಥವಾ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ದಾರಿ ಮುಚ್ಚಿದ್ದರೆ, ಬಿಸಿಯೇರಿದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಸರಾಗವಾಗಿ ಓಡಿ ಆಮೇಲೆ ಕುಂಟತೊಡಗುವ ಯಂತ್ರದ ಕಾಯಿಲೆ ಬಹುಮಟ್ಟಿಗೆ ಇದೇ. ಫ್ಯಾನ್ ಸ್ವಚ್ಛ ಮಾಡಿಸಿ, ಗಟ್ಟಿ ಮೇಜಿನ ಮೇಲಿಡಿ, ಚಾರ್ಜರ್ ಸಿಕ್ಕಿಸಿಯೇ ಕೆಲಸ ಮಾಡಿ. ಬ್ಯಾಟರಿಯ ಮೇಲಿದ್ದಾಗ ಹಲವು ಲ್ಯಾಪ್‌ಟಾಪುಗಳು ಪೂರ್ಣ ವೇಗಕ್ಕೆ ಹೋಗುವುದೇ ಇಲ್ಲ.

ಬಿಡಿಸುವ ಕೆಲಸ ಇಷ್ಟು ಭಾರವೇಕೆ

ಕ್ಯಾಮರಾ, ಮೊಬೈಲುಗಳು ಸಾಮಾನ್ಯವಾಗಿ ಎಚ್.264 ಅಥವಾ ಎಚ್.265 ಎಂಬ ಕೋಡೆಕ್‌ನಲ್ಲಿ, ಅಂದರೆ ಸಂಕುಚಿಸುವ ವಿಧಾನದಲ್ಲಿ, ವಿಡಿಯೊವನ್ನು ಬರೆಯುತ್ತವೆ. ಇವು ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಒಂದು ಪೂರ್ಣ ಚಿತ್ರವನ್ನು ಬರೆದು, ಮುಂದಿನ ಫ್ರೇಮುಗಳಲ್ಲಿ ಬದಲಾದದ್ದನ್ನಷ್ಟೇ ಗುರುತು ಮಾಡಿಕೊಳ್ಳುತ್ತವೆ: ಹಿಂದಿನ ಪರದೆ ಹಾಗೇ ಇದೆ, ವೇಷ ಇಷ್ಟು ಸರಿದಿದೆ, ಕೈ ಇಷ್ಟು ಮೇಲೆ ಹೋಗಿದೆ. ಅಂಗಡಿಯ ಉದ್ರಿ ಪುಸ್ತಕವೂ ಹೀಗೆಯೇ ಇರುತ್ತದೆ. ತಿಂಗಳ ಮೊದಲಿಗೆ ಹಳೆಯ ಬಾಕಿ ಬರೆದಿರುತ್ತಾರೆ, ಆಮೇಲೆ ದಿನದಿನದ ಸಕ್ಕರೆ, ಅಕ್ಕಿ, ಎಣ್ಣೆ ಮಾತ್ರ. ಇಪ್ಪತ್ತೆಂಟನೆಯ ತಾರೀಖಿನ ಬಾಕಿ ಎಷ್ಟು ಎಂದು ಕೇಳಿದರೆ ಮೊದಲಿನಿಂದ ಕೂಡಿಸುತ್ತ ಬರಬೇಕು. ವಿಡಿಯೊವನ್ನು ನೇರವಾಗಿ ನೋಡುವಾಗ ಕೂಡಿಕೆ ತಾನಾಗಿ ನಡೆಯುತ್ತ ಹೋಗುವುದರಿಂದ ಅಡ್ಡಿಯಿಲ್ಲ. ಸಂಕಲನಕಾರ ಹಾಗೆ ನೋಡುವವನಲ್ಲ. ಹಿಂದಕ್ಕೆ ಎಳೆಯುತ್ತಾನೆ, ಮುಂದಕ್ಕೆ ಹಾರುತ್ತಾನೆ, ಒಂದೊಂದೇ ಫ್ರೇಮ್ ಹಿಂದೆ ಸರಿದು ನೋಡುತ್ತಾನೆ. ಪ್ರತಿ ಸಲವೂ ಯಂತ್ರ ಹಿಂದಿನ ಪೂರ್ಣ ಚಿತ್ರಕ್ಕೆ ಓಡಿ, ಅಲ್ಲಿಂದ ಲೆಕ್ಕ ಮಾಡಿಕೊಂಡು ಬರಬೇಕು.

ಎಚ್.265 ಹೊಸದು. ಅದೇ ಗುಣಮಟ್ಟವನ್ನು ಇನ್ನೂ ಚಿಕ್ಕ ಫೈಲಿನಲ್ಲಿ ಕೊಡುತ್ತದೆ, ಬದಲಿಗೆ ಬಿಡಿಸುವವರಿಂದ ಇನ್ನೂ ಹೆಚ್ಚಿನ ದುಡಿಮೆ ಕೇಳುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಇದನ್ನು ಬಿಡಿಸುವ ಪ್ರತ್ಯೇಕ ಯಂತ್ರಾಂಗ ಸರಿಯಾಗಿ ಬಂದದ್ದು 2015ರ ಆರನೆಯ ಪೀಳಿಗೆಯಿಂದ. 10 ಬಿಟ್ ಬಣ್ಣದ ವಿಡಿಯೊಗೆ ಏಳನೆಯ ಪೀಳಿಗೆ ಬೇಕು. ಅದಕ್ಕಿಂತ ಹಳೆಯ ಯಂತ್ರವಿದ್ದವರು ಮುಂದಿನ ಸಲ ಮೊಬೈಲಿನ ಕ್ಯಾಮರಾ ಸೆಟ್ಟಿಂಗಿನಲ್ಲಿ ಎಚ್.264 ಆರಿಸಿಕೊಂಡು, 4ಕೆ ಬದಲು 1080ಪಿಯಲ್ಲೇ (1920×1080 ಅಳತೆ) ಚಿತ್ರೀಕರಿಸುವುದು ಒಳ್ಳೆಯದು. ಐಫೋನಿನಲ್ಲಿ ಕ್ಯಾಮರಾ ಫಾರ್ಮ್ಯಾಟ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಎಂಬುದನ್ನು ಆರಿಸಿದರೆ ಆಯಿತು. 4ಕೆ ಚಿತ್ರದ ಒಂದು ಫ್ರೇಮಿನಲ್ಲಿ 82,94,400 ಪಿಕ್ಸೆಲುಗಳಿವೆ, 1080ಪಿಯಲ್ಲಿ ಅದರ ಕಾಲುಭಾಗ. ಮೊಬೈಲಿನ ಪರದೆಯಲ್ಲಿ ನೋಡುವ ನೆಂಟರಿಷ್ಟರಿಗಾಗಿ ನಾಲ್ಕು ಪಟ್ಟು ಭಾರ ಹೊರುವುದರಲ್ಲಿ ಅರ್ಥವಿಲ್ಲ.

ಪ್ರಾಕ್ಸಿಗಿಂತ ಮೊದಲಿನ ಕೆಲಸ

ವಿಡಿಯೊಗಳನ್ನು ಮೆಮೊರಿ ಕಾರ್ಡು ಅಥವಾ ಪೆನ್‌ಡ್ರೈವಿನಲ್ಲೇ ಇಟ್ಟು ಸಂಕಲನ ಮಾಡಬೇಡಿ; ಕಂಪ್ಯೂಟರಿನ ಡಿಸ್ಕಿಗೆ ನಕಲಿಸಿಕೊಳ್ಳಿ. ಹ್ಯಾಂಡಿಕ್ಯಾಮ್ ಬಗೆಯ ಕ್ಯಾಮರಾ ಆದರೆ ಕಾರ್ಡಿನ ಇಡೀ ಫೋಲ್ಡರನ್ನು ಇದ್ದಂತೆಯೇ ತನ್ನಿ. ಅಂಥ ಕ್ಯಾಮರಾಗಳು ದೀರ್ಘ ಚಿತ್ರೀಕರಣವನ್ನು 2 ಅಥವಾ 4 ಜಿಬಿ ತುಂಡುಗಳಾಗಿ ಒಡೆದು ಬರೆಯುತ್ತವೆ. ಒಂದೊಂದೇ ತುಂಡನ್ನು ಆರಿಸಿ ತಂದು ಜೋಡಿಸಿದರೆ ಸೇರುವ ಜಾಗದಲ್ಲಿ ಧ್ವನಿ ಕ್ಷಣಕಾಲ ಕಡಿದು ಹೋಗಬಹುದು, ಅದು ಸರಿಯಾಗಿ ಪದ್ಯದ ನಡುವೆಯೇ ಬರುವುದು ನನ್ನ ಅನುಭವ!

ಅನಂತರ ಬೇಡದ್ದನ್ನು ತೆಗೆದುಹಾಕಿ. ಆಟ ಶುರುವಾಗುವ ಮುನ್ನ ಕುರ್ಚಿ ಎಳೆದಾಡುವುದು, ಸನ್ಮಾನದ ಭಾಷಣಗಳ ನಡುವಿನ ಮೈಕಿನ ತಪಾಸಣೆ, ಕ್ಯಾಮರಾ ನಿಲ್ಲಿಸಲು ಮರೆತ ಹದಿನೈದು ನಿಮಿಷ, ಇವೆಲ್ಲಕ್ಕೂ ಪ್ರಾಕ್ಸಿ ಮಾಡುವುದು ದಂಡ. ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶ ವಿಡಿಯೊವನ್ನು ಬಿಡಿಸದೆಯೇ, ಇದ್ದ ರೂಪದಲ್ಲೇ ತುಂಡರಿಸಿ ಕೊಡುವುದರಿಂದ ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ, ಯಂತ್ರಕ್ಕೂ ದಣಿವಿಲ್ಲ. ಪೂರ್ಣ ಚಿತ್ರ ಇರುವ ಜಾಗದಿಂದಲೇ ಅದು ತುಂಡನ್ನು ಆರಂಭಿಸಬೇಕಾಗುತ್ತದೆ. ಆದ್ದರಿಂದ ಬೇಕಾದ ಭಾಗದ ಆಚೆ ಈಚೆ ಕೆಲವು ಸೆಕೆಂಡು ಹೆಚ್ಚಾಗಿಯೇ ಬಿಟ್ಟು ಕತ್ತರಿಸಿ.

ಈಗ ಮೊಬೈಲಿನ ವಿಡಿಯೊಗಳಿಗೆ ಬರೋಣ. ಮೊಬೈಲು ಸೆಕೆಂಡಿಗೆ 30 ಫ್ರೇಮ್ ಎಂದು ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ, ಮೈ ಬಿಸಿಯಾದಾಗ ಫ್ರೇಮುಗಳ ನಡುವಿನ ಅಂತರವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಇದಕ್ಕೆ ವೇರಿಯಬಲ್ ಫ್ರೇಮ್‌ರೇಟ್ ಎಂದು ಹೆಸರು. ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಒಂದು ಪ್ರಸಂಗದ ಆರಂಭದಲ್ಲಿ ಚಂಡೆಯವರ ಕೋಲು ಮತ್ತು ಸದ್ದು ಕೂದಲೆಳೆಯಷ್ಟೂ ತಪ್ಪದಂತೆ ಕೂಡಿಸಿದ್ದೆ; ನಲವತ್ತು ನಿಮಿಷ ಕಳೆದು ಯುದ್ಧದ ಸನ್ನಿವೇಶ ಬರುವಷ್ಟರಲ್ಲಿ ಕೋಲು ಚರ್ಮಕ್ಕೆ ತಾಗಿ ಮೇಲೆದ್ದ ಮೇಲೆ ಸದ್ದು ಕೇಳುತ್ತಿತ್ತು. ಮೊದಲು ಕಂಪ್ಯೂಟರ್ ನಿಧಾನವಾಗಿದೆ ಎಂದುಕೊಂಡೆ, ಆಮೇಲೆ ನನ್ನ ಕಿವಿಯ ಮೇಲೆ ಸಂಶಯಪಟ್ಟೆ. ಕಾರಣ ಮೊಬೈಲಿನ ಏರುಪೇರಾದ ಫ್ರೇಮುಗಳಾಗಿದ್ದವು. ಮಾತಿನ ದೃಶ್ಯದಲ್ಲಿ ಇಂಥ ತಪ್ಪು ಕಣ್ಣಿಗೆ ಬೀಳದಿರಬಹುದು, ಚಂಡೆ ಮುಚ್ಚಿಡಲು ಬಿಡುವುದಿಲ್ಲ.

ಇದಕ್ಕೆ ಪರಿಹಾರ, ಸಂಕಲನಕ್ಕೆ ಕೂರುವ ಮೊದಲೇ ಮೊಬೈಲಿನ ವಿಡಿಯೊವನ್ನು ಸ್ಥಿರ ಫ್ರೇಮ್‌ರೇಟಿಗೆ ಪರಿವರ್ತಿಸಿಕೊಳ್ಳುವುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪರಿವರ್ತನೆ ತಂತ್ರಾಂಶದ ವಿಡಿಯೊ ವಿಭಾಗದಲ್ಲಿ ಫ್ರೇಮ್‌ರೇಟನ್ನು 30 ಎಂದು ಆರಿಸಿ, ಅದರ ಕೆಳಗೆ ‘ಕಾನ್‌ಸ್ಟಂಟ್’ ಎಂಬುದಕ್ಕೆ ಗುರುತು ಹಾಕಿ, ಗುಣಮಟ್ಟದ ಜಾರುಪಟ್ಟಿಯನ್ನು 18ರ ಆಸುಪಾಸಿನಲ್ಲಿ ನಿಲ್ಲಿಸಿ. ಅಂಕಿ ಇಳಿದಷ್ಟೂ ಗುಣಮಟ್ಟ ಹೆಚ್ಚು, ಫೈಲೂ ದೊಡ್ಡದು. ಶಾಟ್‌ಕಟ್ ಬಳಸುವವರಿಗೆ ಇನ್ನೂ ಸುಲಭ. ಇಂಥ ಫೈಲನ್ನು ತೆರೆದ ಕೂಡಲೇ ಸಂಕಲನಕ್ಕೆ ಅನುಕೂಲವಾದ ರೂಪಕ್ಕೆ ಪರಿವರ್ತಿಸಬೇಕೇ ಎಂದು ಅದೇ ಕೇಳುತ್ತದೆ. ಹೌದು ಎನ್ನಿ. ಇಲ್ಲಿಂದ ಮುಂದೆ ಈ ಪರಿವರ್ತಿತ ಫೈಲೇ ನಿಮ್ಮ ಮೂಲ.

ಪ್ರಾಕ್ಸಿ ತಯಾರಿ

ಪ್ರಾಕ್ಸಿಗೆ 960×540 ಅಳತೆ ಹದವಾದದ್ದು. ಅದರಲ್ಲಿ 5,18,400 ಪಿಕ್ಸೆಲುಗಳಿರುತ್ತವೆ, ಅಂದರೆ 1080ಪಿಯ ನಾಲ್ಕನೆಯ ಒಂದು ಪಾಲು. ಮುಖಭಾವವೂ ತಕ್ಕಮಟ್ಟಿಗೆ ಕಾಣುತ್ತದೆ. ಯಂತ್ರ ತೀರಾ ಬಡಕಲಾಗಿದ್ದರೆ 640×360ಕ್ಕೆ ಇಳಿಯಬಹುದು, ಆದರೆ ಆ ಅಳತೆಯಲ್ಲಿ ದೂರದ ಚಿತ್ರ ಫೋಕಸ್‌ನಲ್ಲಿದೆಯೇ ಇಲ್ಲವೇ ಎಂಬುದು ಗೊತ್ತಾಗುವುದಿಲ್ಲ. ಅಳತೆಯಷ್ಟೇ ಮುಖ್ಯವಾದದ್ದು, ಉದ್ರಿ ಪುಸ್ತಕದ ತೊಂದರೆ ಪ್ರಾಕ್ಸಿಗೆ ಬರಬಾರದು. ಆಯ್ಕೆ ಸಿಕ್ಕಲ್ಲಿ ಪ್ರತಿ ಫ್ರೇಮೂ ಪೂರ್ಣ ಚಿತ್ರವಾಗಿರುವ ಬಗೆಯನ್ನು ಆರಿಸಿ. ಪ್ರೊರೆಸ್, ಡಿಎನ್‌ಎಕ್ಸ್‌ಎಚ್‌ಡಿ, ಎಂಜೆಪೆಗ್ ಈ ಜಾತಿಯವು. ಇವು ಜಾಗ ತಿನ್ನುತ್ತವೆ. ಸೆಕೆಂಡಿಗೆ 36 ಮೆಗಾಬಿಟ್ ದರದ ಡಿಎನ್‌ಎಕ್ಸ್‌ಎಚ್‌ಡಿಯಲ್ಲಿ ಎರಡೂವರೆ ಗಂಟೆಗೆ ಸುಮಾರು 40 ಜಿಬಿ ಬೇಕಾದರೆ, ಅದೇ ಅವಧಿಗೆ ಕ್ಯಾಮರಾದ ಮೂಲ ಫೈಲು 17 ಮೆಗಾಬಿಟ್ ದರದಲ್ಲಿ 19 ಜಿಬಿ ಮಾತ್ರ ಇರುತ್ತದೆ. ಮೂಲಕ್ಕಿಂತ ಪ್ರಾಕ್ಸಿಯೇ ದೊಡ್ಡದಾಯಿತಲ್ಲ ಎಂದು ಗಾಬರಿಪಡಬೇಡಿ. ಇಲ್ಲಿ ಹಗುರ ಮಾಡುತ್ತಿರುವುದು ಪ್ರೊಸೆಸರಿನ ಹೊರೆಯನ್ನು. ಡಿಸ್ಕಿನಲ್ಲಿ ಅಷ್ಟು ಜಾಗವಿಲ್ಲದವರು 540ಪಿ ಎಚ್.264 ಪ್ರಾಕ್ಸಿಯನ್ನೇ ಬಳಸಲಿ, ಅದರಿಂದಲೂ ಬಹಳ ಸುಧಾರಣೆ ಕಾಣುತ್ತದೆ.

ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಮೆನುವಿನೊಳಗಿನ ‘ಪ್ರಾಕ್ಸಿ’ಗೆ ಹೋಗಿ ‘ಯೂಸ್ ಪ್ರಾಕ್ಸಿ’ ಎಂಬುದಕ್ಕೆ ಗುರುತು ಹಾಕಿ, ಅನಂತರ ವಿಡಿಯೊಗಳನ್ನು ತೆರೆದರೆ, ಜಾಬ್ಸ್ ಪಟ್ಟಿಯಲ್ಲಿ ಒಂದಾದ ಮೇಲೊಂದು ಪ್ರಾಕ್ಸಿ ತಯಾರಾಗುತ್ತ ಹೋಗುತ್ತದೆ. ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ ಇದನ್ನು ಚಾಲೂ ಮಾಡಿ, ಎಷ್ಟು ಅಗಲಕ್ಕಿಂತ ಹೆಚ್ಚಿನ ವಿಡಿಯೊಗೆ ಪ್ರಾಕ್ಸಿ ಬೇಕು ಎಂಬುದನ್ನೂ ಹೇಳಬಹುದು. ಹಳೆಯ ಯಂತ್ರಕ್ಕೆ ಈ ತಯಾರಿ ಹಲವು ಗಂಟೆಗಳ ಕೆಲಸ. ರಾತ್ರಿ ಊಟ ಮುಗಿಸಿ ಹಚ್ಚಿಟ್ಟು ಮಲಗಿಬಿಡುವುದು ಲೇಸು, ಆದರೆ ಕಂಪ್ಯೂಟರ್ ತಾನೂ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಅನ್ನು ತೆಗೆದಿರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲದ್ದರಿಂದ, ಇಡೀ ಪ್ರಸಂಗದ ಒಂದೇ ಫೈಲಿಗಿಂತ ಇಪ್ಪತ್ತು ಇಪ್ಪತ್ತು ನಿಮಿಷದ ತುಂಡುಗಳು ಕ್ಷೇಮ. ನಡುವೆ ಕರೆಂಟು ಹೋದರೆ ಒಂದು ತುಂಡಿನ ಕೆಲಸವಷ್ಟೇ ನಷ್ಟ.

ಪ್ರಾಕ್ಸಿ ಸೌಲಭ್ಯವೇ ಇಲ್ಲದ ಹಳೆಯ ತಂತ್ರಾಂಶಕ್ಕೆ ಅಂಟಿಕೊಂಡವರಿಗೂ ಒಂದು ದಾರಿಯಿದೆ. ಹ್ಯಾಂಡ್‌ಬ್ರೇಕಿನಿಂದ 540ಪಿ ನಕಲುಗಳನ್ನು ಮಾಡಿ, ಮೂಲ ಫೈಲಿನದೇ ಹೆಸರು ಮತ್ತು ವಿಸ್ತರಣೆಯಿಟ್ಟು ಬೇರೆ ಫೋಲ್ಡರಿನಲ್ಲಿಡಿ, ಸಂಕಲನವನ್ನೆಲ್ಲ ಅವುಗಳ ಮೇಲೆ ಮಾಡಿ. ಮುಗಿದ ಮೇಲೆ ತಂತ್ರಾಂಶವನ್ನು ಮುಚ್ಚಿ ಎರಡು ಫೋಲ್ಡರುಗಳ ಹೆಸರನ್ನು ಅದಲುಬದಲು ಮಾಡಿದರೆ, ಅದು ಅರಿಯದೆ ಮೂಲ ಫೈಲುಗಳನ್ನೇ ತೆರೆಯುತ್ತದೆ. ಅವಧಿ, ಫ್ರೇಮ್‌ರೇಟ್, ಧ್ವನಿಯ ಚಾನೆಲುಗಳ ಸಂಖ್ಯೆ ಎರಡರಲ್ಲೂ ಒಂದೇ ಇರಬೇಕು. ಚಿತ್ರವನ್ನು ಹಿಗ್ಗಿಸಿ ಸರಿಸಿದ ಕಡೆಗಳಲ್ಲಿ ಅಳತೆ ತಪ್ಪಬಹುದಾದ್ದರಿಂದ ಅಂಥ ಕೆಲಸವನ್ನು ಅದಲುಬದಲಿನ ನಂತರಕ್ಕೆ ಇಟ್ಟುಕೊಳ್ಳಿ.

ಟೈಮ್‌ಲೈನಿನಲ್ಲಿ

ಪ್ರಾಕ್ಸಿಯ ಜೊತೆಗೆ ಪ್ರಿವ್ಯೂ ಅಳತೆಯನ್ನೂ ಇಳಿಸಿ. ಶಾಟ್‌ಕಟ್‌ನಲ್ಲಿ ‘ಪ್ರಿವ್ಯೂ ಸ್ಕೇಲಿಂಗ್’, ಕೆಡೆನ್‌ಲೈವ್‌ನಲ್ಲಿ ‘ಪ್ರಿವ್ಯೂ ರೆಸಲ್ಯೂಶನ್’ ಎಂದು ಇದರ ಹೆಸರು. ಇವೆರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಬಿಡಿಸುವ ಹೊರೆಯನ್ನು ಇಳಿಸುವುದು ಪ್ರಾಕ್ಸಿ. ಬಿಡಿಸಿದ ಮೇಲೆ ಬಣ್ಣ, ಶೀರ್ಷಿಕೆ, ಪದರಗಳನ್ನು ಕೂಡಿಸುವ ಹೊರೆಯನ್ನು ಇಳಿಸುವುದು ಪ್ರಿವ್ಯೂ ಅಳತೆ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರೇ ‘ಪ್ರಾಕ್ಸಿ ಮಾಡಿದರೂ ಉಪಯೋಗವಾಗಲಿಲ್ಲ’ ಎನ್ನುವುದು ಹೆಚ್ಚು.

ಮೂರು ಕ್ಯಾಮರಾಗಳನ್ನು ಕೂಡಿಸಲು ಧ್ವನಿಯ ಅಲೆಯನ್ನು ದೊಡ್ಡದು ಮಾಡಿ ನೋಡಿ. ಚಂಡೆಯ ಒಂಟಿ ಪೆಟ್ಟು ಅಲ್ಲಿ ಮೊಳೆ ಹೊಡೆದಂತೆ ನೆಟ್ಟಗೆ ನಿಂತಿರುತ್ತದೆ. ಮೂರೂ ಸಾಲುಗಳಲ್ಲಿ ಆ ಮೊಳೆಗಳನ್ನು ಒಂದರ ಕೆಳಗೊಂದು ತಂದು ನಿಲ್ಲಿಸಿದರೆ ಕೆಲಸ ಮುಗಿಯಿತು. ಅದಾದ ಮೇಲೂ ದೂರದ ಕ್ಯಾಮರಾದಲ್ಲಿ ಕೋಲು ತುಸು ಮುಂಚೆ ಬಿದ್ದಂತೆ ಕಂಡರೆ ಆಶ್ಚರ್ಯವಿಲ್ಲ. ರಂಗಸ್ಥಳದಿಂದ 14 ಮೀಟರ್ ಹಿಂದೆ ಇಟ್ಟ ಕ್ಯಾಮರಾಕ್ಕೆ ಸದ್ದು ತಲುಪಲು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಬೇಕು, 25 ಫ್ರೇಮಿನ ವಿಡಿಯೊದಲ್ಲಿ ಅದು ಸರಿಯಾಗಿ ಒಂದು ಫ್ರೇಮ್. ಆ ಸಾಲಿನ ಚಿತ್ರವನ್ನು ಒಂದು ಫ್ರೇಮ್ ಮುಂದಕ್ಕೆ ತಳ್ಳಿ, ಧ್ವನಿಯನ್ನು ಮಾತ್ರ ರಂಗಸ್ಥಳದ ಹತ್ತಿರದ ಕ್ಯಾಮರಾದಿಂದ ತೆಗೆದುಕೊಳ್ಳಿ. ಬೇಡವಾದ ಧ್ವನಿಸಾಲುಗಳನ್ನು ಅಳಿಸಿದರೆ ಯಂತ್ರಕ್ಕೂ ಅಷ್ಟು ಹಗುರ.

ಚಿತ್ರದ ನಡುಕ ಕಡಿಮೆ ಮಾಡುವ ಸ್ಟೆಬಿಲೈಜ್, ಕತ್ತಲೆಯ ಕಾಳುಕಾಳನ್ನು ತೆಗೆಯುವ ಫಿಲ್ಟರ್, ಟ್ಯೂಬ್‌ಲೈಟಿನ ಮಿಣುಕನ್ನು ಅಳಿಸುವ ಫಿಲ್ಟರ್, ಇವು ಯಂತ್ರವನ್ನು ಹಿಂಡುತ್ತವೆ. ಕತ್ತರಿಸುವ ಕೆಲಸವೆಲ್ಲ ಮುಗಿಯುವ ತನಕ ಇವುಗಳ ಗೊಡವೆ ಬೇಡ. ಮಿಣುಕಿಗಂತೂ ಚಿತ್ರೀಕರಣದಲ್ಲೇ ಮದ್ದಿದೆ: ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕಿದರೆ ಆ ಫಿಲ್ಟರಿನ ಅಗತ್ಯವೇ ಬೀಳುವುದಿಲ್ಲ. ಯಾವುದಾದರೂ ಒಂದು ದೃಶ್ಯಕ್ಕೆ ಭಾರದ ಫಿಲ್ಟರ್ ಬೇಕೇ ಬೇಕೆಂದಾದರೆ ಆ ತುಂಡನ್ನಷ್ಟೇ ಮೂಲದಿಂದ ಪ್ರತ್ಯೇಕವಾಗಿ, ಒಳ್ಳೆಯ ಗುಣಮಟ್ಟದಲ್ಲಿ ರೆಂಡರ್ ಮಾಡಿ (ಫಿಲ್ಟರ್ ಸೇರಿಸಿ ಹೊಸ ಫೈಲಾಗಿ ಬರೆಸಿ), ಸಿದ್ಧವಾದ ಫೈಲನ್ನು ಅದರ ಜಾಗದಲ್ಲಿ ಕೂರಿಸಿ.

ಸ್ಥಿರಚಿತ್ರಗಳನ್ನು ಯಾರೂ ಸಂಶಯಿಸುವುದಿಲ್ಲ, ಆದರೆ ಕ್ಯಾಮರಾದಿಂದ ನೇರ ತಂದ 6000×4000 ಅಳತೆಯ ಫೋಟೊ 2 ಕೋಟಿ 40 ಲಕ್ಷ ಪಿಕ್ಸೆಲಿನದು. ವಿಡಿಯೊ ಫ್ರೇಮಿನ ಹತ್ತು ಪಟ್ಟಿಗಿಂತ ದೊಡ್ಡದು. ಕಲಾವಿದರ ಪರಿಚಯಕ್ಕೆಂದು ಇಂಥ ಹತ್ತು ಫೋಟೊ ಹಾಕಿದರೆ ಟೈಮ್‌ಲೈನ್ ಅಲ್ಲೇ ಕುಸಿಯುತ್ತದೆ. ಮೊದಲೇ 1920 ಅಗಲಕ್ಕೆ ಇಳಿಸಿಕೊಳ್ಳಿ. ಕನ್ನಡ ಶೀರ್ಷಿಕೆಗಳನ್ನೂ ನಾನು ತಂತ್ರಾಂಶದೊಳಗೆ ಬರೆಯುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ‘ದುರ್ಯೋಧನ’ನ ಅರ್ಕಾವೊತ್ತು ಎಲ್ಲೋ ಹೋಗುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ಹೆಸರು ಬರೆದು, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಮಾಡಿಕೊಂಡು ಮೇಲಿನ ಸಾಲಿನಲ್ಲಿಟ್ಟರೆ ಅಕ್ಷರವೂ ಕೆಡದು, ಯಂತ್ರ ಪ್ರತಿ ಫ್ರೇಮಿಗೂ ಅಕ್ಷರ ಜೋಡಿಸುವ ತಾಪತ್ರಯವೂ ಇರದು.

ಎರಡೂವರೆ ಗಂಟೆಯನ್ನು ಒಂದೇ ಪ್ರಾಜೆಕ್ಟಿನಲ್ಲಿ ತುಂಬಬೇಡಿ. ಒಡ್ಡೋಲಗ, ಸಂಭಾಷಣೆಯ ಭಾಗ, ಯುದ್ಧ ಎಂದು ಸನ್ನಿವೇಶಕ್ಕೊಂದು ಪ್ರಾಜೆಕ್ಟು ಮಾಡಿ, ಎಲ್ಲಕ್ಕೂ ಒಂದೇ ಫ್ರೇಮ್‌ರೇಟ್ ಮತ್ತು ಒಂದೇ ಅಳತೆ ಇಟ್ಟು, ಒಂದೇ ಸೆಟ್ಟಿಂಗಿನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ, ಕೊನೆಗೆ ಲಾಸ್‌ಲೆಸ್‌ಕಟ್‌ನಲ್ಲೇ ಅವನ್ನು ಮರು-ರೆಂಡರ್ ಇಲ್ಲದೆ ಕೂಡಿಸಬಹುದು.

ಎಕ್ಸ್‌ಪೋರ್ಟ್

ಎಕ್ಸ್‌ಪೋರ್ಟಿನ ಹೊತ್ತಿಗೆ ತಂತ್ರಾಂಶ ತಾನಾಗಿ ಮೂಲ ಫೈಲುಗಳಿಗೆ ಮರಳುತ್ತದೆ, ನಾವು ಅಡ್ಡಬರದಿದ್ದರೆ. ಕೆಡೆನ್‌ಲೈವ್‌ನ ರೆಂಡರ್ ಕಿಟಕಿಯಲ್ಲಿ ಪ್ರಾಕ್ಸಿಯಿಂದಲೇ ರೆಂಡರ್ ಮಾಡುವ ಆಯ್ಕೆಯೊಂದಿದೆ. ಕರಡು ಪ್ರತಿಯನ್ನು ಬೇಗ ನೋಡಲು ಅದು ಅನುಕೂಲ. ಒಮ್ಮೆ ಹಾಗೆ ಹಾಕಿದ ಗುರುತನ್ನು ತೆಗೆಯಲು ಮರೆತು, ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ದೊಡ್ಡ ಟಿವಿಯಲ್ಲಿ ಹಾಕಿ ನೋಡಿದಾಗ ಭಾಗವತರ ಮುಖ ಅವಲಕ್ಕಿ ಮುದ್ದೆಯಂತೆ ಕಂಡಿತು. ಅಂದಿನಿಂದ ಎರಡು ನಿಮಿಷದ ತುಂಡನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ, ಪೂರ್ಣ ಪರದೆಯಲ್ಲಿ ನಿಲ್ಲಿಸಿ, ವೇಷದ ಅಂಚು ಚೂಪಾಗಿದೆಯೇ ಎಂದು ನೋಡದೆ ಇಡೀ ಕೆಲಸಕ್ಕೆ ಕೈ ಹಾಕುವುದಿಲ್ಲ. ಆ ಎರಡು ನಿಮಿಷಕ್ಕೆ ತಗುಲಿದ ಹೊತ್ತಿನಿಂದ ಇಡೀ ಪ್ರಸಂಗಕ್ಕೆ ಎಷ್ಟು ಗಂಟೆ ಬೇಕೆಂಬ ಲೆಕ್ಕವೂ ಸಿಗುತ್ತದೆ.

ಯೂಟ್ಯೂಬಿಗೆ ಹಾಕುವುದಾದರೆ 25 ಅಥವಾ 30 ಫ್ರೇಮಿನ 1080ಪಿ ವಿಡಿಯೊಗೆ ಸೆಕೆಂಡಿಗೆ 8 ಮೆಗಾಬಿಟ್ ದರವನ್ನು ಅವರೇ ಸೂಚಿಸುತ್ತಾರೆ. ಎರಡೂವರೆ ಗಂಟೆಗೆ ಅದು 9 ಜಿಬಿ ಆಗುತ್ತದೆ. ಪ್ರೊಸೆಸರಿನೊಳಗಿನ ಹಾರ್ಡ್‌ವೇರ್ ಎನ್‌ಕೋಡರ್ (ವಿಡಿಯೊವನ್ನು ಸಂಕುಚಿಸುವ ಪ್ರತ್ಯೇಕ ಯಂತ್ರಾಂಗ) ಬಳಸಿದರೆ ಸಮಯ ಬಹಳ ಉಳಿಯುತ್ತದೆ, ಆದರೆ ಹಳೆಯ ಪೀಳಿಗೆಯ ಯಂತ್ರಗಳಲ್ಲಿ ಅದೇ ದರಕ್ಕೆ ಗುಣಮಟ್ಟ ಒಂದು ಕೈ ಕಡಿಮೆ. ವೇಷಗಳ ಕೆಂಪು, ಜರಿಯ ಹೊಳಪು ಇರುವ ಚಿತ್ರದಲ್ಲಿ ಆ ಕೊರತೆ ಕಾಣುತ್ತದೆ; ನಾನು ಹಾರ್ಡ್‌ವೇರ್ ಎನ್‌ಕೋಡರನ್ನು ಕರಡಿಗೆ ಮಾತ್ರ ಬಳಸಿ, ಅಂತಿಮ ಪ್ರತಿಗೆ ರಾತ್ರಿಯಿಡೀ ಕಾಯುತ್ತೇನೆ.

ಕೆಲಸ ಮುಗಿದ ಮೇಲೆ ಮೂಲ ವಿಡಿಯೊಗಳು, ಸ್ಥಿರ ಫ್ರೇಮ್‌ರೇಟಿಗೆ ತಂದ ಮೊಬೈಲಿನ ಫೈಲುಗಳು, ಪ್ರಾಜೆಕ್ಟ್ ಫೈಲು ಮತ್ತು ಶೀರ್ಷಿಕೆಯ ಪಿಎನ್‌ಜಿಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು ಹೊರಗಿನ ಡಿಸ್ಕಿಗೆ ನಕಲಿಸಿ. ಪ್ರಾಕ್ಸಿಗಳನ್ನು ಧಾರಾಳವಾಗಿ ಅಳಿಸಬಹುದು. ಬೇಕೆನಿಸಿದಾಗ ಇನ್ನೊಂದು ರಾತ್ರಿ ಹಚ್ಚಿಟ್ಟರೆ ಮತ್ತೆ ತಯಾರಾಗುತ್ತವೆ.